ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತಿತ್ತು

ಮೂಡಿಗೆರೆ ಹತ್ತಿರ ನಮ್ಮದೊಂದು ಪುಟ್ಟ ಕಾಫಿ ತೋಟ. ಹಳೇ ಮನೆಯ ಮೂರು ಕೋಣೆಗಳನ್ನು ಹೋಂಸ್ಟೇ ಮಾಡಿದ್ದೇವೆ. ಮೊದಲ ವರ್ಷ ನನ್ನ ಗಮನವೆಲ್ಲ ಹಾಸಿಗೆ, ಊಟ, ಬಿಸಿನೀರಿನ ಮೇಲೇ ಇತ್ತು. ಬಚ್ಚಲ ನೀರಿನ ಬಗ್ಗೆ ಯೋಚಿಸಲೇ ಇಲ್ಲ.

ಆ ಬೇಸಿಗೆಯಲ್ಲಿ ಕೆಳಗಿನ ಮನೆ ಅಣ್ಣ ಬಂದರು. "ಬಾರಮ್ಮ, ಸ್ವಲ್ಪ ಹಳ್ಳ ನೋಡು" ಅಂದರು. ಹೋಗಿ ನೋಡಿದರೆ ಕಲ್ಲುಗಳ ಸಂದಿಯಲ್ಲಿ ಬಿಳಿ ನೊರೆ. ಅವರ ಹಸುಗಳು ನೀರು ಕುಡಿಯುವ ಜಾಗ ಅದು. ಅವರು ಜಗಳ ಆಡಲಿಲ್ಲ. ಅದಕ್ಕೇ ನನಗೆ ಜಾಸ್ತಿ ನೋವಾಯಿತು. ಈ ಹಳ್ಳ ಹೇಮಾವತಿ ಸೇರುತ್ತೆ. ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನಲ್ಲೇ. ಸಕಲೇಶಪುರ ದಾಟಿ, ಗೊರೂರು ಅಣೆಕಟ್ಟು ತುಂಬಿಸಿ, ಕಾವೇರಿಗೆ ಹೋಗುತ್ತಾಳೆ. ನಾವು ನದಿಯ ತಲೆಯಲ್ಲೇ ಹೊಲಸು ಮಾಡಿದರೆ ಕೆಳಗಿನವರ ಗತಿ ಏನು?

ಆ ವಾರವೇ ಬಾವಿಯಿಂದ, ಹಳ್ಳದಿಂದ ದೂರದಲ್ಲಿ ಗುಂಡಿ ತೋಡಿಸಿದೆವು. ಆರಡಿ ಅಗಲ, ಮೂರಡಿ ಆಳ. ತಳಕ್ಕೆ ದಪ್ಪ ಕಲ್ಲು, ಮೇಲೆ ಕಡ್ಡಿ, ದರಗೆಲೆ, ಕಾಫಿ ಸಿಪ್ಪೆ. ಸುತ್ತ ಬಾಳೆ ನೆಟ್ಟೆವು. ಸ್ನಾನದ ನೀರು, ಪಾತ್ರೆ ತೊಳೆದ ನೀರು ಮಾತ್ರ ಅಲ್ಲಿಗೆ. ಕಕ್ಕಸಿನದ್ದಕ್ಕೆ ಬೇರೆ ಸೆಪ್ಟಿಕ್ ಟ್ಯಾಂಕ್ ಇದೆ. ಅಡುಗೆಮನೆ ಪೈಪಿಗೆ ನಡುವೆ ಒಂದು ಸಣ್ಣ ತೊಟ್ಟಿ ಬೇಕೇ ಬೇಕು. ಜಿಡ್ಡು ಅಲ್ಲಿ ತೇಲಿ ನಿಲ್ಲುತ್ತೆ, ವಾರಕ್ಕೊಮ್ಮೆ ಸೌಟಿನಲ್ಲಿ ತೆಗೆಯುತ್ತೇನೆ. ಬಿಟ್ಟರೆ ಮಣ್ಣಿಗೆ ಜಿಡ್ಡು ಕಟ್ಟಿ ಗುಂಡಿ ನೀರು ಹೀರುವುದೇ ಇಲ್ಲ.

ಜುಲೈ ಮಳೆಗೆ ಗುಂಡಿ ತುಂಬಿ ಹರಿಯಿತು. ತಪ್ಪು ನನ್ನದೇ. ಸೂರಿನ ನೀರೂ ಅದಕ್ಕೇ ಇಳಿಯುತ್ತಿತ್ತು. ಮರುದಿನ ಕಂಬಳಿಕೊಪ್ಪೆ ಹಾಕಿಕೊಂಡು, ಕಾಲಿನ ಇಂಬಳ (ಜಿಗಣೆ) ಕೀಳುತ್ತಾ, ಗುಂಡಿ ಸುತ್ತ ಬದು ಏರಿಸಿದೆವು. ಸೂರಿನ ನೀರಿಗೆ ಬೇರೆ ಕಾಲುವೆ ತೆಗೆದು ತೋಟದ ತೊಟ್ಟಿಲು ಗುಂಡಿಗಳಿಗೆ, ಅಂದರೆ ಮಳೆ ನೀರು ಇಂಗಲು ಗಿಡಗಳ ನಡುವೆ ತೋಡಿದ ಗುಂಡಿಗಳಿಗೆ, ತಿರುಗಿಸಿದೆವು. ಮಲೆನಾಡಲ್ಲಿ ಇಂಥ ಗುಂಡಿ ಮಾಡುವವರು ಮಳೆಗಾಲದ ಲೆಕ್ಕ ಹಾಕಿಯೇ ಶುರು ಮಾಡಿ. ಮುಂದಿನ ಬೇಸಿಗೆಯಲ್ಲಿ ಹಳ್ಳದಲ್ಲಿ ನೊರೆ ಕಾಣಲಿಲ್ಲ.

ಕಸದ ವಿಷಯ ಇಷ್ಟು ಕಷ್ಟವಾಗಲಿಲ್ಲ. ಬಾಟಲಿ ನೀರು ನಿಲ್ಲಿಸಿದೆ. ಲಾವಂಚದ ಬೇರು ಹಾಕಿ ಕುದಿಸಿ ಆರಿಸಿದ ನೀರನ್ನು ಕೋಣೆಗಳಲ್ಲಿ ಇಡುತ್ತೇನೆ. ನಮ್ಮ ತೋಟಕ್ಕೆ ಕಸದ ಗಾಡಿ ಬರಲ್ಲ. ಹಾಗಾಗಿ ಅತಿಥಿಗಳು ತಂದ ಚಿಪ್ಸ್ ಪ್ಯಾಕೆಟ್‌ಗಳನ್ನು ಚೀಲಕ್ಕೆ ತುಂಬಿ, ಹೊರಡುವಾಗ ಅವರ ಕೈಗೇ ಕೊಡುತ್ತೇನೆ. ಕಾರಣ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

2022ರಲ್ಲಿ ಚಂದ್ರದ್ರೋಣ ಬೆಟ್ಟಗಳಲ್ಲಿ ಕುರಿಂಜಿ ಅರಳಿತಲ್ಲ, ಆಗ ಜೀಪ್ ಕೇಳಿದವರು ಬಹಳ ಮಂದಿ. ಒಂದು ತಂಡಕ್ಕೆ ಹುಲ್ಲಿನ ಗುಡ್ಡದ ಮೇಲೇ ಓಡಿಸಬೇಕಿತ್ತು. ಆಗಲ್ಲ ಅಂದೆ. ನಮ್ಮ ಹುಲ್ಲುಗಾವಲು, ಗುಡ್ಡದ ಕಣಿವೆಗಳಲ್ಲಿರುವ ಶೋಲಾ ಕಾಡು ಮಳೆ ನೀರು ಹಿಡಿದಿಟ್ಟುಕೊಂಡು ಬೇಸಿಗೆಗೆ ನಿಧಾನವಾಗಿ ಹಳ್ಳಕ್ಕೆ ಬಿಡುತ್ತವೆ. ಚಕ್ರ ಹರಿದು ಹುಲ್ಲು ಕಿತ್ತ ಕಡೆ ಮಣ್ಣು ಕೊಚ್ಚಿಹೋಗುತ್ತೆ. ಆ ಬುಕಿಂಗ್ ಹೋಯಿತು, ಹೋಗಲಿ. ನಡೆಯೋಕೆ ಒಪ್ಪಿದವರನ್ನು ನಾನೇ ಕಾಲುದಾರಿಯಲ್ಲಿ ಕರೆದುಕೊಂಡು ಹೋದೆ.