ಮಕ್ಕಳ ಫುಟ್‌ಬಾಲ್: ಐರ್ಲೆಂಡಿಗೆ ಹೊಸದಾಗಿ ಬಂದ ಕುಟುಂಬಗಳಿಗೆ

ಮನೆ ಹಿಡಿದು, ಪಿಪಿಎಸ್ ನಂಬರ್ (ಇಲ್ಲಿನ ಸರ್ಕಾರಿ ಗುರುತಿನ ಸಂಖ್ಯೆ) ಮಾಡಿಸಿ, ಶಾಲೆಯ ಸೀಟು ಸಿಕ್ಕ ಮೇಲೆ ನಮ್ಮ ಸಂಘಕ್ಕೆ ಬರುವ ಫೋನುಗಳಲ್ಲಿ ಇದೊಂದು ಖಾಯಂ: "ಮಗ ಫುಟ್‌ಬಾಲ್ ಅಂತ ಹಟ ಹಿಡಿದಿದ್ದಾನೆ, ಎಲ್ಲಿ ಸೇರಿಸೋದು?" ಒಂದೆರಡು ವರ್ಷ ಕಳೆದ ಮೇಲೆ ಅದೇ ಮನೆಯಿಂದ ಇನ್ನೊಂದು ಪ್ರಶ್ನೆ ಬರುತ್ತದೆ: "ತುಂಬಾ ಚೆನ್ನಾಗಿ ಆಡ್ತಾನಂತೆ, ಮುಂದೇನು?" ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ಉತ್ತರ 2015ರಿಂದೀಚೆಗೆ ಪೂರ್ತಿ ಬದಲಾಗಿದೆ. ಹಾಗಾಗಿ ಇಲ್ಲಿ ಇಪ್ಪತ್ತು ವರ್ಷದಿಂದ ಇರುವವರು ಹೇಳಿದ್ದನ್ನೇ ನಂಬಿ ಹೊರಡಬೇಡಿ.

ಮೊದಲು ಮನೆ ಹತ್ತಿರದ ಕ್ಲಬ್

ನಮ್ಮಲ್ಲಿ ಆಟ ಅಂದರೆ ಶಾಲೆಯ ತಂಡ. ಇಲ್ಲಿ ಬಡಾವಣೆಯ ಕ್ಲಬ್ಬೇ ಮುಖ್ಯ. ಡಬ್ಲಿನ್ ಸುತ್ತಿನ ಲೂಕನ್, ಸ್ವೋರ್ಡ್ಸ್, ಬ್ಲಾಂಚರ್ಡ್ಸ್‌ಟೌನ್, ಟಾಲಾ ಎಲ್ಲಿದ್ದರೂ ಮನೆಯಿಂದ ಹತ್ತು ನಿಮಿಷದೊಳಗೆ ಒಂದು ಕ್ಲಬ್ ಸಿಗುತ್ತದೆ. ಕಲಿಸುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುವ ಅಪ್ಪ ಅಮ್ಮಂದಿರು. ಮಕ್ಕಳ ಜೊತೆ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಗಾರ್ಡಾ ವೆಟಿಂಗ್, ಅಂದರೆ ಪೊಲೀಸರ ಹಿನ್ನೆಲೆ ಪರಿಶೀಲನೆ, ಕಡ್ಡಾಯ. ನಾಳೆ ನೀವೇ ಕೈಜೋಡಿಸುತ್ತೇನೆ ಅಂದರೂ ಅದನ್ನು ಮಾಡಿಸಿಕೊಳ್ಳಲೇಬೇಕು.

ವಯಸ್ಸಿನ ಗುಂಪು ಹುಟ್ಟಿದ ವರ್ಷದ ಲೆಕ್ಕ, ಜನವರಿ 1ರಿಂದ ಶುರು. ಶಾಲೆಯ ಕ್ಲಾಸಿಗೂ ಇದಕ್ಕೂ ಸಂಬಂಧವಿಲ್ಲ. ತೀರಾ ಚಿಕ್ಕವರು 4 ಜನರ ತಂಡದಲ್ಲಿ ಆಡುತ್ತಾರೆ, ಆಮೇಲೆ 5, 7, 9. ಹನ್ನೊಂದು ಜನರ ದೊಡ್ಡ ಮೈದಾನ ಬರುವುದು ಹದಿಮೂರರ ಹೊತ್ತಿಗೆ. "ಇದೇನು, ಇಷ್ಟು ಪುಟ್ಟ ಗೋಲು" ಅಂತ ಮೊದಲ ದಿನ ಬೇಜಾರಾಗಬಹುದು. ಆದರೆ ಮಗುವಿನ ಕಾಲಿಗೆ ಚೆಂಡು ಹೆಚ್ಚು ಸಿಗಲಿ ಅಂತಲೇ ಹಾಗೆ ಮಾಡಿದ್ದಾರೆ.

ಮಗುವಿಗೆ ಹತ್ತು ತುಂಬಿದ್ದರೆ: ಕಾಗದಪತ್ರ

ಹೊಸಬರು ಎಡವುವುದು ಇಲ್ಲಿಯೇ. ಹತ್ತು ವರ್ಷ ತುಂಬಿದ, ಐರಿಶ್ ಪೌರತ್ವವಿಲ್ಲದ ಮಗುವನ್ನು ಮೊದಲ ಸಲ ನೋಂದಾಯಿಸುವಾಗ ಫಿಫಾದ ಅಪ್ರಾಪ್ತ ಆಟಗಾರರ ನಿಯಮ ಅಡ್ಡ ಬರುತ್ತದೆ. ಫುಟ್‌ಬಾಲಿಗಾಗಿ ಮಕ್ಕಳನ್ನು ದೇಶದಿಂದ ದೇಶಕ್ಕೆ ಸಾಗಿಸುವ ದಂಧೆ ತಡೆಯಲು ಮಾಡಿದ ನಿಯಮ ಅದು. ನೀವು ಬಂದದ್ದು ಆಟಕ್ಕಲ್ಲ, ನಿಮ್ಮ ಉದ್ಯೋಗಕ್ಕೆ ಎಂದು ತೋರಿಸಬೇಕು. ಅಪ್ಪ ಅಥವಾ ಅಮ್ಮನ ಕೆಲಸದ ಕರಾರು, ವರ್ಕ್ ಪರ್ಮಿಟ್, ಮನೆ ವಿಳಾಸದ ಪುರಾವೆ, ಎಲ್ಲರ ಪಾಸ್‌ಪೋರ್ಟ್, ಮಗುವಿನ ಜನನ ಪ್ರಮಾಣಪತ್ರ: ಇವಿಷ್ಟನ್ನು ಸ್ಕ್ಯಾನ್ ಮಾಡಿ ಒಂದು ಫೋಲ್ಡರಿನಲ್ಲಿಟ್ಟುಕೊಂಡೇ ಕ್ಲಬ್ಬಿಗೆ ಹೋಗಿ.

ನಮ್ಮವರಿಗೆ ಇನ್ನೊಂದು ತೊಡಕುಂಟು, ಹೆಸರು. ಅಪ್ಪನ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಮ್ಮನದರಲ್ಲಿ ಅವರ ತಂದೆಯ ಹೆಸರು, ಮಗುವಿನದರಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಮೂರೂ ಬೇರೆ ಬೇರೆ. ಪಾಲಿಕೆಯ ಜನನ ಪ್ರಮಾಣಪತ್ರದಲ್ಲಿ ಬರೀ ಇನಿಷಿಯಲ್. ಇಲ್ಲಿಯವರಿಗೆ ಇವರು ಒಂದೇ ಮನೆಯವರು ಅಂತ ಹೇಗೆ ಗೊತ್ತಾಗಬೇಕು? ತಂದೆ ತಾಯಿಯ ಪೂರ್ತಿ ಹೆಸರಿರುವ ಪ್ರಮಾಣಪತ್ರವನ್ನು ಊರಿನಲ್ಲಿದ್ದಾಗಲೇ ಸರಿಮಾಡಿಸಿಕೊಂಡು ಬನ್ನಿ. ನಾನು ಅದನ್ನು ಮಾಡಿರಲಿಲ್ಲ. ಮೈಸೂರಿನಿಂದ ಅಣ್ಣ ಹೊಸ ಪ್ರತಿ ತೆಗೆಸಿ ಕಳಿಸುವಷ್ಟರಲ್ಲಿ ವಾರಗಳು ಕಳೆದವು. ಅಭ್ಯಾಸಕ್ಕೆ ಬಿಟ್ಟರು, ಪಂದ್ಯಕ್ಕೆ ಬಿಡಲಿಲ್ಲ. ಪ್ರತಿ ಶನಿವಾರ ಮಗ ಜೆರ್ಸಿ ಹಾಕಿಕೊಂಡು ಗೆರೆಯ ಆಚೆ ನಿಲ್ಲುತ್ತಿದ್ದ. ಮಳೆಯಲ್ಲಿ ನೆನೆಯುತ್ತ ಉಳಿದವರ ನೀರಿನ ಬಾಟಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದ, ಬಿಡುವಿನಲ್ಲಿ ಒಬ್ಬೊಬ್ಬರಿಗೂ ಓಡಿ ಕೊಟ್ಟು ಬರುತ್ತಿದ್ದ. ಆ ದೃಶ್ಯ ನನಗೆ ಇನ್ನೂ ಮರೆತಿಲ್ಲ. ನಿಮ್ಮ ಮಗು ಹಾಗೆ ನಿಲ್ಲುವುದು ಬೇಡ ಅಂತಲೇ ಇಷ್ಟು ಉದ್ದ ಬರೆದದ್ದು.

ರಾಷ್ಟ್ರೀಯ ಲೀಗು ಅಂದರೇನು

ಹಿಂದೆಲ್ಲ ಚೆನ್ನಾಗಿ ಆಡುವ ಐರಿಶ್ ಹುಡುಗನ ಹಾದಿ ಒಂದೇ. ಹದಿನಾರಕ್ಕೆ ಹಡಗೋ ವಿಮಾನವೋ ಹತ್ತಿ ಇಂಗ್ಲೆಂಡಿಗೆ ಹೋಗುವುದು. ಹೋದವರಲ್ಲಿ ಅಲ್ಲಿ ನೆಲೆ ಕಂಡವರು ಕಡಿಮೆ. ಉಳಿದವರು ಓದೂ ಇಲ್ಲದೆ, ಕ್ಲಬ್ಬೂ ಇಲ್ಲದೆ ಇಪ್ಪತ್ತರ ಹೊತ್ತಿಗೆ ವಾಪಸಾಗುತ್ತಿದ್ದರು. ದೇಶದ ಒಳಗೆ ಒಳ್ಳೊಳ್ಳೆಯ ಹುಡುಗರು ಒಬ್ಬರಿಗೊಬ್ಬರು ಎದುರಾಗುವ ವೇದಿಕೆಯೂ ಇರಲಿಲ್ಲ. ಜಿಲ್ಲಾ ಲೀಗುಗಳ 14ರೊಳಗಿನ ತಂಡಗಳು ಲಿಮರಿಕ್‌ನಲ್ಲಿ ಸೇರುವ ಕೆನಡಿ ಕಪ್ ಒಂದೇ ದೊಡ್ಡ ಹಬ್ಬ.

ಡಚ್ಚಿನವರಾದ ರೂಡ್ ಡಾಕ್ಟರ್ 2013ರಲ್ಲಿ ಐರಿಶ್ ಫುಟ್‌ಬಾಲ್ ಸಂಸ್ಥೆ ಎಫ್‌ಎಐಗೆ ಬಂದ ಮೇಲೆ ಅಂಥ ವೇದಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದರು. 19ರೊಳಗಿನವರ ಲೀಗು ಮೊದಲೇ ಇತ್ತು. 2015ರಲ್ಲಿ 17ರೊಳಗಿನವರಿಗೆ, 2017ರಲ್ಲಿ 15ರೊಳಗಿನವರಿಗೆ, 2019ರಲ್ಲಿ 13ರೊಳಗಿನವರಿಗೆ ರಾಷ್ಟ್ರೀಯ ಲೀಗು ಬಂತು. ಕೊನೆಯದು ಆಮೇಲೆ 14ರೊಳಗಿನದಾಯಿತು. ಶ್ಯಾಮ್‌ರಾಕ್ ರೋವರ್ಸ್, ಬೊಹೀಮಿಯನ್ಸ್, ಕಾರ್ಕ್ ಸಿಟಿ, ಗಾಲ್ವೇ ಯುನೈಟೆಡ್, ಸ್ಲೈಗೋ ರೋವರ್ಸ್ ಹೀಗೆ ದೊಡ್ಡವರ ಲೀಗಾದ ಲೀಗ್ ಆಫ್ ಐರ್ಲೆಂಡಿನ ಕ್ಲಬ್ಬುಗಳೇ ಮಕ್ಕಳ ತಂಡಗಳನ್ನೂ ಕಟ್ಟುತ್ತವೆ.

ಆಮೇಲೆ ಬ್ರೆಕ್ಸಿಟ್, ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟಿತು. 2021ರ ಜನವರಿಯಿಂದ ಹದಿನೆಂಟು ತುಂಬದ ಐರಿಶ್ ಆಟಗಾರನನ್ನು ಇಂಗ್ಲಿಷ್ ಕ್ಲಬ್ಬುಗಳು ತೆಗೆದುಕೊಳ್ಳುವಂತಿಲ್ಲ. ಹದಿನಾರಕ್ಕೆ ಹೋಗಬೇಕೆಂದರೆ ಐರೋಪ್ಯ ಒಕ್ಕೂಟದ ದೇಶಗಳಿಗೆ ಮಾತ್ರ. ಅನೇಕರು ಇದನ್ನು ನಷ್ಟ ಅಂದರು. ನಮ್ಮಂಥ ಮನೆಗಳಿಗೆ ಇದು ಒಳ್ಳೆಯದೇ ಆಯಿತು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಹುಡುಗ ಮನೆಯ ಊಟ ಮಾಡಿಕೊಂಡು, ಲೀವಿಂಗ್ ಸರ್ಟ್ (ಶಾಲೆಯ ಕೊನೆಯ ಪರೀಕ್ಷೆ) ಮುಗಿಸಿಕೊಂಡು ಆಡಬಹುದು. ಸೇಂಟ್ ಪ್ಯಾಟ್ರಿಕ್ಸ್ ಅಥ್ಲೆಟಿಕ್‌ನ ಮೇಸನ್ ಮೆಲಿಯಾನನ್ನೇ ನೋಡಿ. ಹದಿಹರೆಯದಲ್ಲೇ ದೊಡ್ಡವರ ತಂಡದಲ್ಲಿ ಆಡಿ, ಲೀಗ್ ಆಫ್ ಐರ್ಲೆಂಡಿನ ದಾಖಲೆ ಮೊತ್ತಕ್ಕೆ ಇಂಗ್ಲೆಂಡಿನ ಟಾಟನಮ್ ಕ್ಲಬ್ ಜೊತೆ ಒಪ್ಪಂದವಾದರೂ ಹದಿನೆಂಟು ತುಂಬುವವರೆಗೆ ಡಬ್ಲಿನ್ನಿನಲ್ಲೇ ಇದ್ದ.

ಕಷ್ಟವನ್ನೂ ಹೇಳಬೇಕು. ರಾಷ್ಟ್ರೀಯ ಲೀಗಿಗೆ ಆಯ್ಕೆಯಾದರೆ ವಾರದಲ್ಲಿ ಮೂರು ನಾಲ್ಕು ಸಂಜೆ ಅಭ್ಯಾಸ, ವಾರಾಂತ್ಯಕ್ಕೆ ಪಂದ್ಯ. ಡಬ್ಲಿನ್ನಿನಿಂದ ಡಾನಿಗಾಲ್‌ಗೆ ಹೋಗಿಬಂದರೆ ಇಡೀ ದಿನ ಬಸ್ಸಿನಲ್ಲೇ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂ ಕಾಲಿಗೆಲ್ಲ ಕತ್ತಲು, ಕರೆದೊಯ್ಯಲು ಮನೆಯಲ್ಲಿ ಒಬ್ಬರಿಗಾದರೂ ಡ್ರೈವಿಂಗ್ ಬರಲೇಬೇಕು. ಹಳೆಯ ಗೆಳೆಯರ ಬಡಾವಣೆ ತಂಡ ಬಿಡಬೇಕಾಗುತ್ತದೆ. ತಾವು ಬೆಳೆಸಿದ ಹುಡುಗ ಹದಿಮೂರಕ್ಕೇ ಹೋಗಿಬಿಡುತ್ತಾನೆ ಎಂಬ ನೋವು ಆ ಚಿಕ್ಕ ಕ್ಲಬ್ಬುಗಳಿಗೂ ಇದೆ. ಅದು ನ್ಯಾಯವಾದ ನೋವು. ಹೊರಡುವಾಗ ಕಲಿಸಿದವರನ್ನು ಕಂಡು, ಮಾತಾಡಿ, ಥ್ಯಾಂಕ್ಸ್ ಹೇಳಿಯೇ ಹೊರಡಿ.

ಹದಿನಾಲ್ಕಕ್ಕೆ ಆಯ್ಕೆಯಾಗಲಿಲ್ಲವೆಂದರೆ ಬಾಗಿಲು ಮುಚ್ಚಿತು ಅಂತಲ್ಲ. ಕೆಲವರ ಮೈ ತಡವಾಗಿ ಬೆಳೆಯುತ್ತದೆ. ಚಿಡೋಜಿ ಓಗ್ಬೆನೆ ಲಾಗೋಸಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಕಾರ್ಕ್‌ಗೆ ಬಂದವರು. ಐರ್ಲೆಂಡಿನದೇ ಆಟವಾದ ಗೇಲಿಕ್ ಫುಟ್‌ಬಾಲನ್ನೂ ಆಡಿಕೊಂಡಿದ್ದು, 2021ರಲ್ಲಿ ಐರ್ಲೆಂಡ್ ಹಿರಿಯರ ತಂಡಕ್ಕೆ ಆಡಿದ, ಆಫ್ರಿಕಾದಲ್ಲಿ ಹುಟ್ಟಿದ ಮೊದಲ ಆಟಗಾರರಾದರು.

ಅಂದಹಾಗೆ, ಕ್ಲಬ್ಬಿಗೆ ಆಡಲು ಪೌರತ್ವ ಬೇಡ. ದೇಶದ ತಂಡಕ್ಕೆ, ಬಾಲಕರ ತಂಡವಾದರೂ, ಐರಿಶ್ ಪೌರತ್ವ ಬೇಕು. ಅದನ್ನು ಪಡೆದರೆ ಭಾರತದ ಪಾಸ್‌ಪೋರ್ಟ್ ಬಿಡಬೇಕು, ಭಾರತದ ತಂಡಕ್ಕೆ ಆಡುವ ಅವಕಾಶವೂ ಅದರೊಂದಿಗೆ ಹೋಗುತ್ತದೆ. ಆಟದ ಆಸೆಗೆ ಬಿದ್ದು ಆತುರದಲ್ಲಿ ತೀರ್ಮಾನಿಸುವ ವಿಷಯವಲ್ಲ ಇದು.

ಹೆಣ್ಣುಮಕ್ಕಳಿಗೆ

17 ಮತ್ತು 19ರೊಳಗಿನ ಹುಡುಗಿಯರಿಗೂ ರಾಷ್ಟ್ರೀಯ ಲೀಗುಗಳಿವೆ. 2023ರಲ್ಲಿ ಐರ್ಲೆಂಡ್ ಮಹಿಳೆಯರು ಮೊದಲ ಸಲ ವಿಶ್ವಕಪ್ ಆಡಿದಾಗ ನಾಯಕಿ ಕೇಟಿ ಮೆಕೇಬ್ ಕೆನಡಾ ವಿರುದ್ಧ ಕಾರ್ನರಿನಿಂದ ನೇರವಾಗಿ ಗೋಲು ಹೊಡೆದರು. ಅವರು ಬೆಳೆದದ್ದು ನಮ್ಮ ಎಷ್ಟೋ ಕುಟುಂಬಗಳಿರುವ ಟಾಲಾದ ಕಡೆಯಲ್ಲೇ. ನಮ್ಮವರು ಹುಡುಗಿಯರನ್ನು ಹತ್ತು ಹನ್ನೊಂದಕ್ಕೇ ಬಿಡಿಸಿಬಿಡುತ್ತಾರೆ. ದಯವಿಟ್ಟು ಬಿಡಿಸಬೇಡಿ.

ದುಡ್ಡು ಕೇಳುವವರ ಬಗ್ಗೆ

"ನೇರ ಇಂಗ್ಲೆಂಡಿನ ಕ್ಲಬ್ಬಿಗೆ ಟ್ರಯಲ್" ಎಂದು ಸಾವಿರಾರು ಯೂರೋ ಕೇಳುವವರಿದ್ದಾರೆ. ಹದಿನೆಂಟರ ನಿಯಮ ಈಗ ನಿಮಗೆ ಗೊತ್ತು. ದುಡ್ಡು ಕಟ್ಟುವ ಮೊದಲು ಸಂಘಕ್ಕೊಂದು ಫೋನ್ ಮಾಡಿ.

ಒಂದು ಶುಕ್ರವಾರ ಸಂಜೆ ಮಗುವನ್ನು ಕರೆದುಕೊಂಡು ಟಾಲಾ ಸ್ಟೇಡಿಯಮ್ಮಿಗೋ ಡಾಲಿಮೌಂಟ್ ಪಾರ್ಕಿಗೋ ಹೋಗಿ. ಲೀಗ್ ಆಫ್ ಐರ್ಲೆಂಡಿನ ಆಟ ಸಾಮಾನ್ಯವಾಗಿ 7:45ಕ್ಕೆ ಶುರು. ಸ್ವೆಟರಿನ ಮೇಲೊಂದು ಮಳೆಕೋಟು ಇರಲಿ.