30 ಹಾಸಿಗೆಯಿಂದ 24ಕ್ಕೆ ಇಳಿದದ್ದು: ಆರೈಕೆ ಕೇಂದ್ರ ನಡೆಸಿದ ನನ್ನ ಅನುಭವ

ರಾತ್ರಿ 2 ಗಂಟೆ 20 ನಿಮಿಷ. ನಿದ್ದೆ ಹತ್ತಲಿಲ್ಲ ಅಂತ ಸುಮ್ನೆ ನಮ್ಮ ಕೇಂದ್ರಕ್ಕೆ ಹೋಗಿದ್ದೆ. ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ ಸ್ಟ್ರೋಕ್ ಆಗಿ ಎಡಭಾಗ ಸ್ವಾಧೀನ ತಪ್ಪಿದ್ದ ಒಬ್ಬ ಅಜ್ಜಿ ಇದ್ದರು. ಮಂಚಕ್ಕೆ ನೇತುಹಾಕಿದ್ದ ಚಾರ್ಟ್ ತೆಗೆದು ನೋಡಿದೆ. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಸಹಿ ಹಾಕುವ ಹಾಳೆ ಅದು. 10ಕ್ಕೆ ಸಹಿ, 12ಕ್ಕೆ ಸಹಿ, 2ಕ್ಕೆ ಸಹಿ. 4ಕ್ಕೂ ಸಹಿ ಇತ್ತು. ಬೆಳಗ್ಗೆ 6ಕ್ಕೂ ಇತ್ತು.

ಅಜ್ಜಿಯನ್ನು ಮೆಲ್ಲಗೆ ಪಕ್ಕಕ್ಕೆ ಹೊರಳಿಸಿದೆ. ಬೆನ್ನಿನ ಕೆಳಗೆ, ಬಾಲದ ಮೂಳೆಯ ಹತ್ತಿರ ಒಂದು ಕೆಂಪು ಕಲೆ. ಬೆರಳಿಟ್ಟು ಒತ್ತಿ ಬಿಟ್ಟೆ. ಬರೀ ರಕ್ತ ನುಗ್ಗಿ ಕೆಂಪಾಗಿದ್ದರೆ ಒತ್ತಿದ ಜಾಗ ಒಂದು ಕ್ಷಣ ಬಿಳಿಚಿಕೊಳ್ಳುತ್ತದೆ. ಇದು ಬಿಳಿಚಲಿಲ್ಲ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಆಗುವ ಹಾಸಿಗೆ ಹುಣ್ಣಿನ ಮೊದಲ ಹಂತ ಅಂದರೆ ಇದೇ. (ಚರ್ಮದ ಬಣ್ಣ ಗಾಢವಾಗಿದ್ದರೆ ಕೆಂಪು ಕಣ್ಣಿಗೆ ಬೀಳುವುದೇ ಇಲ್ಲ. ಅಂಗೈ ಇಟ್ಟು ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಬೆಚ್ಚಗಿದೆಯಾ, ಗಟ್ಟಿಯಾಗಿದೆಯಾ ಅಂತ.) ನಾಲ್ಕೇ ದಿನಕ್ಕೆ ಚರ್ಮ ಕಿತ್ತು ಗಾಯವಾಯಿತು. ಒಣಗಲು ಏಳು ವಾರ ಹಿಡಿಯಿತು.

ಆ ರಾತ್ರಿ ಡ್ಯೂಟಿಯಲ್ಲಿದ್ದ ಹುಡುಗಿಯನ್ನು ಬೆಳಗ್ಗೆಯೇ ಮನೆಗೆ ಕಳಿಸಬೇಕು ಅಂತ ತೀರ್ಮಾನ ಮಾಡಿದ್ದೆ. ಅವಳು ಕ್ಷಮೆ ಕೇಳಲಿಲ್ಲ. "ಒಂದು ರಾತ್ರಿ ನೀವೇ ಮಾಡಿ ನೋಡಿ, ಮೇಡಂ" ಅಂದಳು.

ಸಿಟ್ಟು ಬಂತು. ನಾನು ಆಸ್ಪತ್ರೆ ವಾರ್ಡಿನಲ್ಲಿ 14 ವರ್ಷ ನರ್ಸ್ ಆಗಿದ್ದವಳು, ನನಗೇ ಹೇಳ್ತಾಳಲ್ಲ ಅಂತ. ಆದರೂ ಮುಂದಿನ ಎರಡು ರಾತ್ರಿ ನಾನೇ ಡ್ಯೂಟಿ ಮಾಡಿದೆ. ಜೇಬಿನಲ್ಲಿ ಒಂದು ಚಿಕ್ಕ ನೋಟ್‌ಬುಕ್, ಕೈಯಲ್ಲಿ ವಾಚು.

ಆ ಮಹಡಿಯಲ್ಲಿ 15 ಜನ. ಅವರಲ್ಲಿ 11 ಮಂದಿಗೆ ತಾವಾಗಿ ಮಗ್ಗುಲು ಬದಲಿಸಲು ಆಗುವುದಿಲ್ಲ. ಒಬ್ಬರನ್ನು ಹೊರಳಿಸುವುದು, ಡೈಪರ್ ನೋಡುವುದು, ಒದ್ದೆಯಾಗಿದ್ದರೆ ಒರೆಸಿ ಬದಲಿಸುವುದು, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿ ಮಲಗಿಸುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು ದಿಂಬು ಇಡುವುದು, ಕೈ ತೊಳೆಯುವುದು. ನನಗೆ ಸರಾಸರಿ 9 ನಿಮಿಷ ಬೇಕಾಯಿತು. 11 ಜನಕ್ಕೆ 99 ನಿಮಿಷ. ಪ್ರತಿ 120 ನಿಮಿಷದಲ್ಲಿ ಉಳಿದದ್ದು 21. ಅಷ್ಟರಲ್ಲೇ ಬೆಲ್ ಒತ್ತಿದವರನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಬೇಕು. ಎದ್ದು ಓಡಾಡುವ ಡಿಮೆನ್ಷಿಯಾದವರ (ಮರೆವಿನ ಕಾಯಿಲೆ ಇರುವವರ) ಮೇಲೆ ಕಣ್ಣಿಡಬೇಕು. ರಾತ್ರಿಯ ಮಾತ್ರೆ ಕೊಡಬೇಕು, ಚಾರ್ಟ್ ತುಂಬಬೇಕು. ಊಟದ ಮಾತು ಬಿಡಿ, ನೀರು ಕುಡಿಯಲೂ ಪುರುಸೊತ್ತಿಲ್ಲ. ಅದರಲ್ಲೂ ದಪ್ಪ ಮೈಯವರನ್ನು ಹೊರಳಿಸಲು ಇಬ್ಬರು ಬೇಕು. ಇನ್ನೊಬ್ಬಳು ಇದ್ದದ್ದು ಕೆಳಗಿನ ಮಹಡಿಯಲ್ಲಿ.

ಎರಡನೇ ರಾತ್ರಿ 3 ಗಂಟೆಗೆ, ಇನ್ನೂ ಮುಟ್ಟಿರದ ಮಂಚದ ಚಾರ್ಟಿಗೆ ನಾನೇ ಸಹಿ ಹಾಕಲು ಪೆನ್ನು ತೆಗೆದಿದ್ದೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಹುಡುಗಿಯನ್ನು ಕಳಿಸಲಿಲ್ಲ. ಅಜ್ಜಿಯ ಮಗಳಿಗೆ ಫೋನ್ ಮಾಡಿ ಹುಣ್ಣಾಗಿದೆ, ತಪ್ಪು ನಮ್ಮದೇ ಅಂತ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ನೀವಾಗಿಯೇ ಹೇಳಿದ್ರಲ್ಲ" ಅಂದರು, ಅಷ್ಟೇ. ಅದು ಮೆಚ್ಚುಗೆಯೋ ಬೇಸರವೋ ಈಗಲೂ ಗೊತ್ತಿಲ್ಲ.

ಇಲ್ಲಿಗೆ ಬಂದು ಮುಟ್ಟಿದ್ದು ಹೇಗೆ ಅಂತ ಹೇಳಬೇಕು. ಕೇಂದ್ರ ಶುರುವಾದದ್ದು 6 ಹಾಸಿಗೆಯಿಂದ. ಎರಡು ವರ್ಷಕ್ಕೆ 12. ಅಲ್ಲಿಂದ ಒಂದೇ ಜಿಗಿತಕ್ಕೆ 30. ಜನ ಹುಡುಕಿಕೊಂಡು ಬರುತ್ತಿದ್ದರು, ನಾನು ಒಂದೂ ಜಾಹೀರಾತು ಕೊಟ್ಟಿರಲಿಲ್ಲ. ಯಾಕೆ ಬರುತ್ತಾರೆ ಅನ್ನುವುದು ಗುಟ್ಟೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2030ರ ಹೊತ್ತಿಗೆ ಜಗತ್ತಿನ ಪ್ರತಿ 6 ಜನರಲ್ಲಿ ಒಬ್ಬರು 60 ದಾಟಿದವರು. 2050ಕ್ಕೆ 80 ದಾಟಿದವರೇ ಸುಮಾರು 42.6 ಕೋಟಿ. ಆಯಸ್ಸು ಹೆಚ್ಚಿದೆ, ಆದರೆ ಕೊನೆಯ ಕೆಲವು ವರ್ಷ ಇನ್ನೊಬ್ಬರ ಕೈ ಹಿಡಿದೇ ನಡೆಯಬೇಕು. ಮನೆಯಲ್ಲಿರುವುದು ಒಬ್ಬರೋ ಇಬ್ಬರೋ ಮಕ್ಕಳು, ಅವರೂ ದುಡಿಯಲು ಹೋಗುವವರು. ಆಸ್ಪತ್ರೆಯಲ್ಲಿ ಆಪರೇಷನ್ ಮುಗಿದ ಕೆಲವೇ ದಿನಕ್ಕೆ ಡಿಸ್ಚಾರ್ಜ್. ಕ್ಯಾತಿಟರ್ (ಮೂತ್ರದ ನಳಿಕೆ), ಮೂಗಿನ ನಳಿಕೆ ಸಮೇತ ಮನೆಗೆ ಬಂದ ಅಪ್ಪನನ್ನು ನೋಡಿ ಮಕ್ಕಳಿಗೆ ಕೈಕಾಲು ಆಡುವುದಿಲ್ಲ. ಆಗ ನಮ್ಮಂಥವರಿಗೆ ಫೋನ್ ಬರುತ್ತದೆ.

ಹಾಗಾಗಿ ಈ ಧಂದೆ ಬೆಳೆಯುತ್ತದೆ ಅನ್ನುವುದರಲ್ಲಿ ಅನುಮಾನವೇ ಇಲ್ಲ. ಮಂಚ, ಏರ್ ಬೆಡ್, ಆಕ್ಸಿಜನ್ ಎಲ್ಲವೂ ದುಡ್ಡು ಕೊಟ್ಟರೆ ವಾರದಲ್ಲಿ ಬಂದು ಬೀಳುತ್ತವೆ. ನಾನು ಎಡವಿದ್ದು ಜನರ ಲೆಕ್ಕದಲ್ಲಿ.

ಆ ಲೆಕ್ಕ ಇಷ್ಟು ಸರಳ. ಒಂದು ಜಾಗದಲ್ಲಿ ಹಗಲೂ ರಾತ್ರಿ ಒಬ್ಬರು ಇರಲೇಬೇಕು ಅಂದರೆ ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ಕೆಲಸ ಮಾಡಿದರೆ ಮೂರೂವರೆ ಜನ ಬೇಕು. ಅದಕ್ಕೆ ರಜೆ, ಜ್ವರ, ಮಗುವಿನ ಜ್ವರ, ಹೇಳದೆ ಕೇಳದೆ ಕೆಲಸ ಬಿಡುವುದು ಎಲ್ಲ ಸೇರಿಸಿದರೆ ನಾಲ್ಕಕ್ಕೂ ಜಾಸ್ತಿ. ಅಂದರೆ ವಾರ್ಡಿನಲ್ಲಿ ಒಬ್ಬಳು ಆಯಾ ಕಾಣಬೇಕಾದರೆ ಸಂಬಳದ ಪಟ್ಟಿಯಲ್ಲಿ ನಾಲ್ವರು ಇರಬೇಕು. ನಾನು ಮೂವರ ಮೇಲೆ ನಡೆಸುತ್ತಿದ್ದೆ. ಆ ಕೊರತೆ ಹಗಲು ಕಾಣುವುದಿಲ್ಲ. ಮನೆಯವರು ಬರುವುದು ಸಂಜೆ 5ಕ್ಕೆ. ಆಗ ಎಲ್ಲರಿಗೂ ತಲೆ ಬಾಚಿ ಕೂರಿಸಿರುತ್ತೇವೆ. ಕೊರತೆಯೆಲ್ಲ ರಾತ್ರಿ ಪಾಳಿಯ ಮೇಲೆ ಹೋಗಿ ಬೀಳುತ್ತದೆ.

ಪ್ರತಿ ಮಹಡಿಗೂ ರಾತ್ರಿ ಇಬ್ಬರನ್ನು ಹಾಕಬೇಕೆಂದರೆ ಒಟ್ಟು ನಾಲ್ಕು ಹೊಸ ಜನ ಬೇಕಿತ್ತು. ನಾಲ್ಕು ತಿಂಗಳು ಹುಡುಕಿದೆ. ಸಿಕ್ಕವರು ಇಬ್ಬರು. ಹಾಗಾಗಿ ಇನ್ನೊಂದು ತುದಿಯಿಂದ ಬಂದೆ. ಹಾಸಿಗೆ ಕಡಿಮೆ ಮಾಡಿದೆ. ಇದ್ದವರನ್ನು ಯಾರನ್ನೂ ಕಳಿಸಲಿಲ್ಲ. ಯಾರಾದರೂ ತೀರಿಕೊಂಡರೆ, ಸುಧಾರಿಸಿಕೊಂಡು ಮನೆಗೆ ಹೋದರೆ ಆ ಮಂಚಕ್ಕೆ ಹೊಸ ಅಡ್ಮಿಷನ್ ತೆಗೆದುಕೊಳ್ಳಲಿಲ್ಲ. 30ರಿಂದ 24ಕ್ಕೆ ಬರಲು ಐದು ತಿಂಗಳು ಬೇಕಾಯಿತು. ಖಾಲಿ ಮಂಚಗಳನ್ನು ಮಡಚಿ ಗೋದಾಮಿಗೆ ಹಾಕುವಾಗ ನಮ್ಮ ಅಕೌಂಟೆಂಟ್ ಪಕ್ಕದಲ್ಲೇ ನಿಂತು ನೋಡುತ್ತಿದ್ದರು, ಅವರ ಮನೆ ಸಾಮಾನನ್ನೇ ಯಾರೋ ಹೊತ್ತೊಯ್ಯುವ ಹಾಗೆ.

ಆದಾಯ ಕುಸಿಯಿತು. ಅದನ್ನು ಸರಿದೂಗಿಸಲು ಶುಲ್ಕದ ಪದ್ಧತಿಯನ್ನೇ ಬದಲಿಸಬೇಕಾಯಿತು. ಮೊದಲು ಎಲ್ಲರಿಗೂ ಒಂದೇ ದರ. ವಾಕರ್ ಹಿಡಿದು ತಾವೇ ಸ್ನಾನ ಮಾಡುವವರಿಗೂ ಅದೇ, ನಳಿಕೆಯಲ್ಲಿ ಆಹಾರ ಕೊಡಬೇಕಾದವರಿಗೂ ಅದೇ. ಮೂರ್ಖತನ. ಜಪಾನಿನ ಪದ್ಧತಿಯ ಬಗ್ಗೆ ಓದಿದಾಗ ನನಗೆ ಕಣ್ಣು ತೆರೆಯಿತು. ಅಲ್ಲಿ 2000ದ ಏಪ್ರಿಲ್‌ನಿಂದ ದೀರ್ಘಾವಧಿ ಆರೈಕೆಗೇ ಪ್ರತ್ಯೇಕ ವಿಮೆ ಇದೆ. 40 ವರ್ಷ ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಯಾರಿಗೆ ಎಷ್ಟು ಆರೈಕೆ ಬೇಕು ಅನ್ನುವುದನ್ನು ಅಲ್ಲಿ ನಿಮಿಷದಲ್ಲಿ ಅಳೆಯುತ್ತಾರೆ. 110 ನಿಮಿಷ ಮುಟ್ಟಿದರೆ ಎಲ್ಲಕ್ಕಿಂತ ಮೇಲಿನ ಹಂತ, ಐದನೆಯದು. ಅದು ಗಡಿಯಾರದ ನಿಮಿಷವೇ ಅಲ್ಲ, ಒಂದು ಅಳತೆಗೋಲು. ಆದರೂ ನನ್ನ ನೋಟ್‌ಬುಕ್ಕಿನ 9 ನಿಮಿಷಕ್ಕೂ ಅದಕ್ಕೂ ನೆಂಟಸ್ತಿಕೆ ಇದೆ ಅನ್ನಿಸಿತು.

ನಾವು ಬಳಸಿದ್ದು ಬಾರ್ಥೆಲ್ ಸೂಚ್ಯಂಕ, ದಿನದ ಕೆಲಸಗಳನ್ನು ಒಬ್ಬರು ಎಷ್ಟು ತಾವೇ ಮಾಡಿಕೊಳ್ಳಬಲ್ಲರು ಅನ್ನುವ ಅಳತೆ. 1965ರಿಂದ ಚಾಲ್ತಿಯಲ್ಲಿದೆ. ಊಟ, ಸ್ನಾನ, ಬಟ್ಟೆ, ಮಲ ಮೂತ್ರದ ಹಿಡಿತ, ಮಂಚದಿಂದ ಕುರ್ಚಿಗೆ ಬರುವುದು, ಮೆಟ್ಟಿಲು ಹತ್ತುವುದು, ಹೀಗೆ 10 ವಿಷಯಕ್ಕೆ ಅಂಕ ಹಾಕಿದರೆ ಸೊನ್ನೆಯಿಂದ 100ರವರೆಗೆ ಬರುತ್ತದೆ. ಮೂರು ತಿಂಗಳಿಗೊಮ್ಮೆ ಮನೆಯವರ ಎದುರಿಗೇ ಅಂಕ ಹಾಕುತ್ತೇವೆ, ಅದರ ಮೇಲೆ ಶುಲ್ಕ. ಜಗಳ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. "ಅಮ್ಮನ ಸ್ಥಿತಿ ಕೆಟ್ಟಷ್ಟೂ ನಿಮಗೆ ಲಾಭ ಅಲ್ವಾ?" ಅಂತ ಒಬ್ಬರು ನೇರವಾಗಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೇ ಈಗ ಅಂಕ ಹಾಕುವುದು ನಾನಲ್ಲ, ಹೊರಗಿನಿಂದ ಬರುವ ಫಿಸಿಯೋಥೆರಪಿಸ್ಟ್. ಅಂಕ ಸುಧಾರಿಸಿದರೆ ಶುಲ್ಕ ಆ ತಿಂಗಳಿಂದಲೇ ಇಳಿಯುತ್ತದೆ.

ವಿಮೆ ಇದ್ದರೆ ಎಲ್ಲ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ನೆದರ್ಲೆಂಡ್ಸ್ 1968ರಲ್ಲೇ ಮಾಡಿತು, ಜರ್ಮನಿ 1995ರಲ್ಲಿ, ದಕ್ಷಿಣ ಕೊರಿಯಾ 2008ರಲ್ಲಿ. ಬಿಲ್ ಕಟ್ಟುವ ಕಷ್ಟ ಅಲ್ಲಿ ಎಷ್ಟೋ ಕಡಿಮೆಯಾಗಿದೆ. ಆದರೆ ಅದೇ ಜಪಾನ್ 2008ರಿಂದ ಇಂಡೋನೇಷ್ಯಾದಿಂದ, ಆಮೇಲೆ ಫಿಲಿಪ್ಪೀನ್ಸ್, ವಿಯೆಟ್ನಾಂನಿಂದಲೂ ಆರೈಕೆಯವರನ್ನು ಕರೆಸಿಕೊಳ್ಳಬೇಕಾಯಿತು. ದುಡ್ಡು ಬಂದರೂ ರಾತ್ರಿ 2ಕ್ಕೆ ಎದ್ದು ಮಗ್ಗುಲು ಬದಲಿಸಲು ಒಬ್ಬರು ಬೇಕಲ್ಲ.

ಇರುವವರನ್ನು ಉಳಿಸಿಕೊಳ್ಳುವುದೇ ನನ್ನ ಅರ್ಧ ಕೆಲಸ ಈಗ. ಸಂಬಳ ಹೆಚ್ಚಿಸಿದೆ, ಅದು ಬೇಕೇ ಬೇಕು. ಬಿಟ್ಟು ಹೋಗುವವರನ್ನು ಕೂರಿಸಿಕೊಂಡು ಕೇಳಿದಾಗ ಸಂಬಳದಷ್ಟೇ ಸಲ ಬಂದ ಮಾತು ಸೊಂಟ ನೋವು. ಹಿರಿಯರನ್ನು ಕಂಕುಳಿಗೆ ಕೈಹಾಕಿ ಎತ್ತುವುದೇ ನಮ್ಮಲ್ಲಿ ರೂಢಿಯಾಗಿತ್ತು. ಎತ್ತುವವರ ಬೆನ್ನೂ ಹೋಗುತ್ತದೆ, ಎತ್ತಿಸಿಕೊಳ್ಳುವವರ ಭುಜವೂ ಹೋಗುತ್ತದೆ. ನುಣುಪು ಬಟ್ಟೆಯ ಜಾರು ಹಾಳೆ ತರಿಸಿದೆ. ಮೈ ಕೆಳಗೆ ಹಾಸಿ ಎಳೆದರೆ ಎತ್ತದೆಯೇ ಸರಿಯುತ್ತದೆ. ನಾನು ಮಾಡಿದ ಖರ್ಚಿನಲ್ಲೆಲ್ಲ ಕಡಿಮೆ ಬೆಲೆಯದ್ದು ಇದೇ, ಜಾಸ್ತಿ ಉಪಕಾರ ಆದದ್ದೂ ಇದರಿಂದಲೇ. ಮಂಚದ ಪಕ್ಕದ ಸೆನ್ಸರ್ ಮ್ಯಾಟ್ ಕೂಡ ಒಳ್ಳೆಯದೇ, ಕಾಲಿಟ್ಟ ಕೂಡಲೇ ಬೆಲ್ ಹೊಡೆಯುತ್ತದೆ. ಟ್ಯಾಬ್ಲೆಟ್‌ನಲ್ಲಿ ಚಾರ್ಟ್ ತುಂಬುವ ಸಾಫ್ಟ್‌ವೇರ್ ತಂದು ಆರು ವಾರಕ್ಕೆ ಬಿಟ್ಟುಬಿಟ್ಟೆ. ಸುಳ್ಳು ಸಹಿ ಕಾಗದದ ಮೇಲೆ ಎಷ್ಟು ಸಲೀಸೋ ಪರದೆಯ ಮೇಲೂ ಅಷ್ಟೇ ಸಲೀಸು.

ಇನ್ನೊಂದು ಬದಲಾವಣೆ, ಒಬ್ಬರಿಗೆ ಆದಷ್ಟು ಅದೇ ನಾಲ್ಕೈದು ಹಿರಿಯರನ್ನೇ ನೋಡಿಕೊಳ್ಳಲು ಕೊಡುವುದು. ದಿನಾ ಕೋಣೆ ಬದಲಿಸಿದರೆ ಯಾರಿಗೂ ಯಾರ ಪರಿಚಯವೂ ಆಗುವುದಿಲ್ಲ. ಇದರಿಂದ ಏನಾಯಿತು ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಡಿಮೆನ್ಷಿಯಾ ಇರುವ ಒಬ್ಬ ಅಜ್ಜ ರಾತ್ರಿ 11 ಆದರೆ ಸಾಕು, ಎದ್ದು ಬಾಗಿಲು ಬಾಗಿಲು ತಟ್ಟುತ್ತಿದ್ದರು. ಹಿಡಿದು ಮಲಗಿಸಲು ಹೋದರೆ ಹೊಡೆಯುತ್ತಿದ್ದರು. ಮಾತ್ರೆ ಕೊಟ್ಟು ಮಲಗಿಸಿ ಅನ್ನುವುದು ಎಲ್ಲರ ಸಲಹೆ. ಆ ಮಾತ್ರೆಗಳನ್ನು ಕಂಡರೆ ನನಗೆ ಭಯ. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಹೊಸ ಪೀಳಿಗೆಯ ಆಂಟಿಸೈಕಾಟಿಕ್ (ಮನೋರೋಗಕ್ಕೆ ಕೊಡುವ) ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿತ್ತು. ಅವರನ್ನು ಖಾಯಂ ನೋಡಿಕೊಳ್ಳುತ್ತಿದ್ದವಳು, ಅದೇ ಸುಳ್ಳು ಸಹಿ ಹಾಕಿದ್ದ ಹುಡುಗಿ, ಅವರ ಮಗನನ್ನು ಕೇಳಿ ತಿಳಿದುಕೊಂಡಳು. ಅಜ್ಜ 30 ವರ್ಷ ಕಾರ್ಖಾನೆಯಲ್ಲಿ ರಾತ್ರಿ ಕಾವಲು ಮಾಡಿದವರು. ಬಾಗಿಲು ತಟ್ಟುತ್ತಿರಲಿಲ್ಲ, ಬೀಗ ಹಾಕಿದೆಯಾ ಅಂತ ನೋಡುತ್ತಿದ್ದರು!

ಅವರ ಕೈಗೆ ಒಂದು ಟಾರ್ಚ್ ಕೊಟ್ಟು ಜೊತೆಗೆ ಕರೆದುಕೊಂಡು ಹೋದಳು. ಅವರು ಪ್ರತಿ ಬಾಗಿಲ ಹಿಡಿಕೆ ಮುಟ್ಟಿ ನೋಡುತ್ತಾರೆ, ಇವಳು ಒಳಗೆ ಮಗ್ಗುಲು ಬದಲಿಸುತ್ತಾಳೆ, ಅಜ್ಜ ಹೊರಗೆ ಕುರ್ಚಿಯಲ್ಲಿ ಕಾಯುತ್ತಾರೆ. ಎರಡು ಸುತ್ತು ಮುಗಿಯುವ ಹೊತ್ತಿಗೆ ಸುಸ್ತಾಗಿ ಮಲಗುತ್ತಾರೆ. ಬಿದ್ದರೆ ಏನು ಗತಿ ಅಂತ ನನಗೆ ಹೆದರಿಕೆ ಇತ್ತು, ಈಗಲೂ ಇದೆ. ಒಂದು ಸಲ ಬಿದ್ದರು ಕೂಡ, ಮೊಣಕೈ ತರಚಿತು. ಮಗನನ್ನು ಕರೆಸಿ, ಈ ಸುತ್ತಾಟ ನಿಲ್ಲಿಸೋಣವಾ ಅಂದೆ. ಅವರು ಅಪ್ಪನನ್ನು ನೋಡಿದರು, ಟಾರ್ಚ್ ನೋಡಿದರು. "ಹಿಡಿತ ಇರುವ ಚಪ್ಪಲಿ ತಂದುಕೊಡ್ತೀನಿ" ಅಂದರು.

ಇಂಥ ಉಪಾಯ ಮಾಡಲು ಮಹಡಿಗೆ ಇಬ್ಬರು ಇರಬೇಕು. ಒಬ್ಬಳೇ ಇದ್ದಿದ್ದರೆ ಮಾತ್ರೆಯೇ ಗತಿ.

ಕಳೆದ ವರ್ಷ ಇಬ್ಬರು ಹೂಡಿಕೆದಾರರು ಬಂದಿದ್ದರು. ಲ್ಯಾಪ್‌ಟಾಪ್ ತೆರೆದು 100 ಹಾಸಿಗೆಯ ಯೋಜನೆ ತೋರಿಸಿದರು. ಕಟ್ಟಡ ಚೆನ್ನಾಗಿತ್ತು, ತೋಟ ಕೂಡ ಇತ್ತು. ಎಷ್ಟು ಹಾಸಿಗೆ ತುಂಬಿದರೆ ಲಾಭ ಶುರು ಅನ್ನುವುದಕ್ಕೆ ಒಂದು ಇಡೀ ಪುಟ. ಸಿಬ್ಬಂದಿ ಅಂತ ಒಂದು ಸಾಲು. ರಾತ್ರಿ ಎಷ್ಟು ಜನ ಅಂತ ಕೇಳಿದೆ. ಅದು ಆಮೇಲೆ ನೋಡಿಕೊಳ್ಳಬಹುದು ಅಂದರು. 168 ಗಂಟೆಯ ಲೆಕ್ಕವನ್ನು ಅವರ ಕಾಗದದ ಹಿಂಭಾಗದಲ್ಲೇ ಬರೆದು ತೋರಿಸಿದೆ. ಕಾಗದ ತೆಗೆದುಕೊಂಡು ಹೋದರು, ತಿರುಗಿ ಬರಲಿಲ್ಲ.

ಈಗ 24ರಲ್ಲಿ ಎರಡು ಹಾಸಿಗೆ ಖಾಲಿ ಇದೆ. ಹೊಸದಾಗಿ ಸೇರಿದ ಇಬ್ಬರು ಇನ್ನೂ ಹಳಬರ ಜೊತೆ ಜೋಡಿಯಾಗಿ ಕಲಿಯುತ್ತಿದ್ದಾರೆ. ಒಂದು ತಿಂಗಳು ಮುಗಿಯುವ ತನಕ ಒಬ್ಬರೇ ಡ್ಯೂಟಿಗೆ ಬಿಡುವುದಿಲ್ಲ. ನಿನ್ನೆ ಒಬ್ಬ ಮಗಳು ಫೋನ್ ಮಾಡಿದ್ದರು. ತಂದೆಗೆ ಸೊಂಟದ ಮೂಳೆ ಮುರಿದಿದೆ, ಶುಕ್ರವಾರ ಡಿಸ್ಚಾರ್ಜ್, ಹಾಸಿಗೆ ಇದೆಯಾ ಅಂತ. ಹಾಸಿಗೆ ಇದೆ, ಆದರೆ 12 ದಿನ ಕಾಯಬೇಕು ಅಂದೆ. ಹಾಸಿಗೆ ಇದ್ದ ಮೇಲೆ ಯಾಕೆ ಕಾಯಬೇಕು ಅಂತ ಕೇಳಿದರು. ಹೇಳಲು ಶುರು ಮಾಡಿದೆ. ಅರ್ಧದಲ್ಲೇ ಫೋನ್ ಇಟ್ಟುಬಿಟ್ಟರು. ಸಂಜೆ ಮತ್ತೆ ಅವರೇ ಮಾಡಿ, ಅಲ್ಲಿಯವರೆಗೆ ಮನೆಯಲ್ಲಿ ಅಪ್ಪನ ಮಗ್ಗುಲು ಹೇಗೆ ಬದಲಿಸುವುದು ಅಂತ ಕೇಳಿದರು. ನಾಳೆ ಬನ್ನಿ ಅಂದಿದ್ದೇನೆ. ಜಾರು ಹಾಳೆ ಒಂದು ತೆಗೆದಿಟ್ಟಿದ್ದೇನೆ.