ಮರಿಗಳಿಗೆ ಪ್ರೋಬಯಾಟಿಕ್ ಕುಡಿಸುವ ನೀರಿನಲ್ಲಿ ಕ್ಲೋರಿನ್ ಇರಬಾರದು

ಹಾವೇರಿ, ಗದಗ ಭಾಗದ ಕೋಳಿ ಸಾಕಣೆದಾರರು ಪ್ರೋಬಯಾಟಿಕ್ (ಕರುಳಿಗೆ ಒಳಿತು ಮಾಡುವ ಜೀವಾಣುಗಳ) ಪುಡಿಯನ್ನು ಬ್ಲೀಚಿಂಗ್ ಪೌಡರ್ ಹಾಕಿದ ಟ್ಯಾಂಕಿನ ನೀರಿಗೆ ಬೆರೆಸದೆ, ಕ್ಲೋರಿನ್ ಇಲ್ಲದ ಶುದ್ಧ ಬೋರ್‌ವೆಲ್ ನೀರಿನಲ್ಲಿ ಕದಡಿ, ಮರಿಗಳು ಶೆಡ್ಡಿಗೆ ಬಂದ ಮೊದಲ ದಿನದಿಂದಲೇ ಬೆಳಗಿನ ತಂಪು ಹೊತ್ತಿನಲ್ಲಿ ಕುಡಿಸಬೇಕು. ಆ ಪುಡಿಯಲ್ಲಿರುವ ಲ್ಯಾಕ್ಟೋಬ್ಯಾಸಿಲಸ್‌ನಂತಹ ಜೀವಾಣುಗಳು ಜೀವಂತವಾಗಿದ್ದರಷ್ಟೇ ಕೆಲಸ ಮಾಡುತ್ತವೆ, ಕ್ಲೋರಿನ್ ಅವುಗಳನ್ನು ಕೊಲ್ಲುತ್ತದೆ; ಮರಿಯ ಕರುಳು ಇನ್ನೂ ಖಾಲಿಯಿರುವಾಗ ಅವು ಮೊದಲು ನೆಲೆಯೂರಿದರೆ ಆಮ್ಲ ಉತ್ಪಾದಿಸಿ, ಇ. ಕೊಲೈ ಮತ್ತು ಸಾಲ್ಮೊನೆಲ್ಲಾ ಎಂಬ ರೋಗಾಣುಗಳಿಗೆ ಜಾಗವನ್ನೂ ಆಹಾರವನ್ನೂ ಬಿಟ್ಟುಕೊಡುವುದಿಲ್ಲ. ಕ್ಲೋರಿನ್ ಹಾಕಿದ ನೀರೇ ಗತಿಯಾದರೆ, ಲಸಿಕೆಯ ನೀರಿಗೆ ಮಾಡುವಂತೆ, ಲೀಟರಿಗೆ ಸುಮಾರು 2.5 ಗ್ರಾಂ ಕೆನೆರಹಿತ ಹಾಲಿನ ಪುಡಿಯನ್ನು ಅರ್ಧ ಗಂಟೆ ಮೊದಲೇ ಬೆರೆಸಿಡಿ, ಅದು ಕ್ಲೋರಿನ್‌ನ ಪ್ರಭಾವವನ್ನು ತಗ್ಗಿಸುತ್ತದೆ; ಎರಡು ಮೂರು ಗಂಟೆಗಳಲ್ಲಿ ಖಾಲಿಯಾಗುವಷ್ಟೇ ನೀರು ಕೊಟ್ಟು, ಆಮೇಲೆ ನೀರಿನ ಪಾತ್ರೆಗಳನ್ನು ತೊಳೆಯಿರಿ, ಏಕೆಂದರೆ ಹಾಲು ಉಳಿದರೆ ಹುಳಿತು ಕೆಡುತ್ತದೆ. ಆ್ಯಂಟಿಬಯಾಟಿಕ್ ನಡೆಯುತ್ತಿರುವಾಗ ಇದನ್ನು ಕೊಟ್ಟರೆ ಹೆಚ್ಚಿನ ಪುಡಿಗಳು ವ್ಯರ್ಥವಾಗುವುದರಿಂದ, ಔಷಧ ಮುಗಿದ ಮೇಲೆ ಆರಂಭಿಸುವುದು ಒಳ್ಳೆಯದು. ಬೆಳವಣಿಗೆಗೆಂದು ಮೇವಿನಲ್ಲಿ ಆ್ಯಂಟಿಬಯಾಟಿಕ್ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2006ರಲ್ಲಿಯೇ ನಿಲ್ಲಿಸಿತು. ನಮ್ಮ ದೇಶವೂ 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಎಂಬ ಆ್ಯಂಟಿಬಯಾಟಿಕ್‌ನ ಬಳಕೆಯನ್ನು ನಿಷೇಧಿಸಿತು. ಹಾಗಾಗಿ ಪ್ರೋಬಯಾಟಿಕ್ ಕುಡಿಸುವ ಈ ಅಭ್ಯಾಸವನ್ನು ಈಗಲೇ ರೂಢಿಸಿಕೊಳ್ಳಬೇಕೆಂಬುದು ನನ್ನ ಕಳಕಳಿಯ ವಿನಂತಿ. ಆದರೆ ಇದು ರೋಗ ಬಾರದಂತೆ ಕಾಯುವ ಕ್ರಮವೇ ಹೊರತು ಚಿಕಿತ್ಸೆಯಲ್ಲ: ಶೆಡ್ಡಿನ ಹಾಸು ಒದ್ದೆಯಾಗಿದ್ದರೆ ಇದರ ಫಲ ಕಾಣುವುದಿಲ್ಲ, ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಇರಬಹುದಾದ್ದರಿಂದ ಅಂದೇ ಪಶುವೈದ್ಯರಿಗೆ ತೋರಿಸಬೇಕು.